ಹಚ್ಯಾ ಅಂದರೆ ಹತ್ತಿರ ಬಾ

ಹೋದ ವಾರ ಯರಗಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಚಹಾದ ಅಂಗಡಿಯವನು ಒಂದು ನಾಯಿಗೆ ‘ಹಚ್ಯಾ’ ಎಂದು ಗದರಿಸಿದ. ನಾಯಿ ಬಾಲ ಮುದುರಿಕೊಂಡು ಸವದತ್ತಿ ಬಸ್ಸಿನ ಕೆಳಗೆ ನುಸುಳಿತು. ನಾನು ಮಾತ್ರ ಕುಡಿಯುತ್ತಿದ್ದ ಚಹಾ ಅಲ್ಲೇ ಬೆಂಚಿನ ಮೇಲಿಟ್ಟು ಅವನ ಹತ್ತಿರ ಹೋಗಿ ನಿಂತೆ. ಏನು ಬೇಕೆಂದು ಕೇಳಿದ. ಏನು ಬೇಕೆಂದು ನನಗೂ ಗೊತ್ತಿರಲಿಲ್ಲ. ಒಂದು ಖಾರಿ ಬಿಸ್ಕೀಟು ತೆಗೆದುಕೊಂಡು ಮರ್ಯಾದೆ ಉಳಿಸಿಕೊಂಡೆ.

ನಗಬೇಡಿ. ಬೆಕ್ಕು ಅಡ್ಡ ಬಂದರೆ ನೀವು ನಿಲ್ಲುತ್ತೀರಿ, ಯಾರೋ ಸೀನಿದರೆ ಹೊರಟವರು ಮತ್ತೆ ಕೂತು ನೀರು ಕುಡಿಯುತ್ತೀರಿ. ಯಾಕೆಂದು ನಾನು ಎಂದಾದರೂ ಕೇಳಿದ್ದೇನೆಯೇ? ಹಾಗೆಯೇ ನಮ್ಮ ಮನೆಯವರ ಕಿವಿಗೆ ‘ಹಚ್ಯಾ’ ಬಿದ್ದರೆ ನಾವು ಹೊರಳಿ ನೋಡುತ್ತೇವೆ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಒಂದು ಕಾರಣಕ್ಕೆ ಹೊರಳಿ ನೋಡುತ್ತಿದ್ದಳು. ನಾನು ಬೇರೆಯೇ ಕಾರಣಕ್ಕೆ ನೋಡುತ್ತೇನೆ. ಆ ಕಾರಣದಿಂದ ಈ ಕಾರಣಕ್ಕೆ ನಮ್ಮನ್ನು ದಾಟಿಸಿದ್ದು ಒಂದು ಕಂದು ಬಣ್ಣದ ನಾಯಿ.

ಬೇರೆ ಸೀಮೆಯ ಓದುಗರಿಗಾಗಿ ಹೇಳಬೇಕು. ಬೈಲಹೊಂಗಲದ ಕಡೆ ನಾಯಿಯನ್ನು ಕರೆಯಬೇಕಾದರೆ ‘ಕುರ್ರ್ ಕುರ್ರ್’ ಎನ್ನುತ್ತೇವೆ, ಓಡಿಸಬೇಕಾದರೆ ‘ಹಚ್ಯಾ’ ಎನ್ನುತ್ತೇವೆ. ನಾಯಿ ಕಲಿಯಬೇಕಾದ ಕನ್ನಡ ಇಷ್ಟೇ. ನಾನು ಇದಕ್ಕಿಂತ ಬಹಳ ಹೆಚ್ಚು ಕನ್ನಡ ಕಲಿತವನು. ಆದರೂ ಮ್ಯಾಟ್ರಿಕ್ಕಿಗೆ ಒಂದು ಸಲ ಕೂತು ಎದ್ದುಬಂದಿದ್ದೆ. ಆ ವರ್ಷ ಎರಡನೇ ಸಲ ಕೂರುವ ತಯಾರಿ ನಡೆದಿತ್ತು. ಹೀಗೆ ಕೂರುವುದು ಏಳುವುದು ಎರಡರಲ್ಲೂ ಸಾಕಷ್ಟು ತರಬೇತಿ ಆದವನ ಕೈಗೇ ಆ ನಾಯಿ ಸಿಕ್ಕಿತು.

ನನಗೆ ಇನ್ನೊಂದು ವಿದ್ಯೆಯೂ ಇತ್ತು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಹೆಡ್ ಮಾಸ್ತರರ ದನಿಯಲ್ಲಿ ಹಾಜರಿ ಕರೆಯುತ್ತಿದ್ದೆ. ರಾಮದುರ್ಗದ ಬಸ್ಸಿನ ಕಂಡಕ್ಟರ್ ಮೂಗಿನಿಂದ ‘ರೈಟ್’ ಎನ್ನುವುದನ್ನು ಅವನೇ ಒಮ್ಮೆ ನನ್ನ ಬಾಯಲ್ಲಿ ಕೇಳಿ, ಬಸ್ಸು ತನ್ನನ್ನು ಬಿಟ್ಟು ಹೊರಟಿತೆಂದು ಓಡಿದ್ದ. ಆಯಿಯ ಗೊರಕೆಯನ್ನು ಆಯಿಗೇ ಕೇಳಿಸಿ ಬೆನ್ನಿಗೆ ಸಟ್ಟುಗದಲ್ಲಿ ಹೊಡೆಸಿಕೊಂಡಿದ್ದೆ. ‘ಎಲ್ಲಾರ ದನಿ ಬರತೈತಿ ನಿನಗ, ನಿಂದ ಒಂದ ಬಿಟ್ಟ’ ಎಂದು ಅವ್ವ ಹೇಳುತ್ತಿದ್ದಳು. ಅವ್ವ ಹಾಗೆ ಹೇಳುವುದನ್ನೂ ನಾನು ಹಾಗೇ ಹೇಳಿ ತೋರಿಸುತ್ತಿದ್ದೆ.

ನಾಯಿ ನಮ್ಮ ಮನೆಗೆ ಬಂದದ್ದು ಅಪ್ಪನ ಕರಣಿ ಚೀಲದಲ್ಲಿ. ಅಪ್ಪ ಗೌಂಡಿ. ಕಟಕೋಳದಲ್ಲಿ ಯಾರದೋ ಮನೆಯ ಗೋಡೆ ಎಬ್ಬಿಸಿ ತಿರುಗಿ ಬರುವಾಗ ಗಾರೆ ಮೆತ್ತುವ ಕರಣಿ ಮತ್ತು ಓಳಂಬದ ಗುಂಡಿನ ನಡುವೆ ಒಂದು ಕುನ್ನಿ ಸೇರಿಕೊಂಡು ಮಲಗಿತ್ತು. ಬಸ್ಸಿನಲ್ಲಿ ಚೀಲ ಅಲುಗಾಡಿದ್ದನ್ನು ಕಂಡು ಕಂಡಕ್ಟರ್ ಏನಿದು ಎಂದು ಕೇಳಿದ್ದಕ್ಕೆ ಅಪ್ಪ ‘ಕರಣಿ’ ಎಂದನಂತೆ. ನನಗೆ ತಿಳಿದಂತೆ ಅಪ್ಪ ಹೇಳಿದ ಒಂದೇ ಸುಳ್ಳು ಅದು, ಅದೂ ಅರ್ಧ.

ಚೀಲ ಬಿಚ್ಚಿದಾಗ ಆಯಿ ಅದನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕಾಲು. ‘ಹೊಟ್ಟಿ ನೋಡಿದ್ರ ಸಾವಕಾರ, ಕಾಲ ನೋಡಿದ್ರ ಭಿಕಾರಿ’ ಎಂದಳು. ಹೊಟ್ಟೆ ತುಂಬ ಜಂತು ಎಂದೂ ಹೇಳಿದಳು. ಮರುದಿನ ಬೇವಿನೆಲೆ ಅರೆದು ರಸ ಕುಡಿಸಿದಳು. ಕುನ್ನಿ ಅರ್ಧ ಕುಡಿಯಿತು, ಇನ್ನರ್ಧವನ್ನು ಅವಳ ಸೀರೆಗೆ ಕುಡಿಸಿತು. ನಾಯಿ ಸಾಕುವುದು ಉಂಡು ಕೆಲಸವಿಲ್ಲದವರ ಕಸುಬು ಎಂದು ದಿನಾ ಬೈಯುತ್ತಲೇ ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಕಾಲ ಮೇಲೆ ಅಡ್ಡ ಹಾಕಿಕೊಂಡು ಕಿವಿಯ ಸಂದಿಯ ಉಣ್ಣಿ ಆರಿಸಿ ಚಿಮಣಿ ಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದಳು. ಒಂದೊಂದು ಉಣ್ಣಿಗೂ ಒಂದೊಂದು ಬೈಗುಳ. ಬೈಗುಳ ನಾಯಿಗೋ ಉಣ್ಣಿಗೋ ತಿಳಿಯುತ್ತಿರಲಿಲ್ಲ.

ಆ ದಿನಗಳಲ್ಲೇ ಕ್ಷೌರದ ಅಂಗಡಿಯಲ್ಲಿ ನನಗೆ ಹಳೆಯ ವಾರಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ನಾಯಿಮರಿಯನ್ನು ಸಾಕುವ ಶಾಸ್ತ್ರವನ್ನು ಟೈ ಕಟ್ಟಿದವರೊಬ್ಬರು ಬರೆದಿದ್ದರು. ಮರಿಗೆ ಬೇರೆ ಬುಟ್ಟಿ, ಬೇರೆ ಬಟ್ಟಲು, ದಿನಕ್ಕೊಂದು ಮೊಟ್ಟೆ. ನಮ್ಮ ಮನೆಯಲ್ಲಿ ನನಗೇ ಬೇರೆ ಬಟ್ಟಲಿರಲಿಲ್ಲ. ಮೊಟ್ಟೆ ಬಂದರೆ ಅಣ್ಣತಮ್ಮಂದಿರ ನಡುವೆ ಮಹಾಯುದ್ಧ. ತಾಯಿಯಿಂದ ಅಗಲಿದ ಮರಿ ಅತ್ತರೆ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿ ಇಡಬೇಕಂತೆ. ಟಿಕ್ ಟಿಕ್ ಅದಕ್ಕೆ ತಾಯಿಯ ಎದೆಬಡಿತದಂತೆ ಕೇಳುತ್ತದಂತೆ. ಅಪ್ಪನ ಟೈಂಪೀಸನ್ನು ಸುತ್ತಿ ಇಟ್ಟೆ. ನಸುಕಿನಲ್ಲಿ ಆ ತಾಯಿಯ ಎದೆಯೊಳಗಿನಿಂದ ಅಲಾರಾಂ ಹೊಡೆದುಕೊಂಡಿತು. ಮರಿ ಆಯಿಯ ಕೌದಿಯೊಳಗೆ ಹೊಕ್ಕಿತು, ಆಯಿ ಕೌದಿಯಿಂದ ಹೊರಗೆ ಬಂದಳು. ಗೋಡೆಯ ಮೇಲಿನ ಫೋಟೋದ ಬುದ್ಧನೊಬ್ಬನೇ ಕಣ್ಣು ತೆರೆಯದೆ ಕೂತಿದ್ದ. ಅಂದಿನಿಂದ ಅದು ಕೌದಿಯಲ್ಲೇ ಮಲಗಿತು, ಅಳಲಿಲ್ಲ. ಗಡಿಯಾರದ ಶಾಸ್ತ್ರ ಸುಳ್ಳೆಂದು ಹೇಗೆ ಹೇಳಲಿ?

ಮರಿಯನ್ನು ಹೊತ್ತು ಹೊತ್ತಿಗೆ ಹೊರಗೆ ಒಯ್ದರೆ ಮನೆ ಹೊಲಸು ಮಾಡುವುದಿಲ್ಲ ಎಂದೂ ಆ ಶಾಸ್ತ್ರದಲ್ಲಿತ್ತು. ಒಯ್ದೆ. ಅದು ಓಣಿಯ ಹೂವು ಮೂಸಿತು, ಕೋಳಿಯ ಬೆನ್ನಟ್ಟಿತು, ಗಾಳಿ ಸೇವಿಸಿತು, ಮನೆಗೆ ಬಂದು ನೀರಿನ ಕೊಡದ ಪಕ್ಕ ಕೂತು ಕೆಲಸ ಮುಗಿಸಿತು. ‘ತಿರಗಾಡಾಕ ಹೊರಗ ಹೋಗತೈತಿ, ಕೆಲಸಕ್ಕ ಮನಿಗೆ ಬರತೈತಿ. ಥೇಟ್ ನಿಮ್ಮ ಕಾಕಾ’ ಎಂದಳು ಆಯಿ. ಚಪ್ಪಲಿಯ ವಿಷಯದಲ್ಲಿ ಮಾತ್ರ ಅದಕ್ಕೆ ಕಟ್ಟುನಿಟ್ಟಿತ್ತು. ಎಡಗಾಲಿನದನ್ನಷ್ಟೇ ಕಡಿಯುತ್ತಿತ್ತು. ನಮ್ಮ ಮನೆಯವರೆಲ್ಲ ಆ ವರ್ಷ ಬಲಗಾಲಿನ ಶ್ರೀಮಂತರಾಗಿ ಓಡಾಡಿದೆವು. ಹಲ್ಲು ಬರುವಾಗ ಮರಿಗೆ ಒಸಡು ತುರಿಸುತ್ತದೆ, ಕಡಿಯಲು ಏನಾದರೂ ಕೊಡಿ ಎಂದು ಟೈ ಕಟ್ಟಿದವರು ಬರೆದಿದ್ದರು. ನಾನು ಗಣಿತದ ಪುಸ್ತಕ ಕೊಟ್ಟೆ. ಅದು ಮೂಸಿ ಬಿಟ್ಟಿತು. ನಾಯಿಗೆ ಬುದ್ಧಿ ಹೆಚ್ಚು ಎಂದು ನನಗೆ ಖಾತ್ರಿಯಾದದ್ದು ಆಗ.

ಆ ಬರಹದ ಕೊನೆಯ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ನಾಯಿಗೆ ಮಾತಿನ ಅರ್ಥ ತಿಳಿಯುವುದಿಲ್ಲ, ಮಾತಿನ ಜೊತೆಗೆ ಏನು ಸಿಗುತ್ತದೆ ಎನ್ನುವುದು ತಿಳಿಯುತ್ತದೆ ಎಂದು ಬರೆದಿದ್ದರು. ಅವರು ನಮ್ಮ ಮನೆಗೆ ಒಂದು ಹೊತ್ತು ರೊಟ್ಟಿಗೆ ಬಂದಿದ್ದರೆ ತಮ್ಮ ಮಾತು ನಿಜವಾಗುವುದನ್ನು ಕಣ್ಣಾರೆ ಕಾಣುತ್ತಿದ್ದರು.

ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಮರಿ ಬಂದು ಹಿಟ್ಟಿನ ಪರಾತಕ್ಕೆ ಮೂಗು ಹಚ್ಚುತ್ತಿತ್ತು. ಆಯಿ ‘ಹಚ್ಯಾ’ ಎನ್ನುತ್ತಿದ್ದಳು. ಬರೀ ಬಾಯಿಗೆ ಅದು ಹೋಗುತ್ತಿರಲಿಲ್ಲವಾದ್ದರಿಂದ ಒಂದು ತುಣುಕು ರೊಟ್ಟಿ ಮುರಿದು ಅಂಗಳಕ್ಕೆ ಎಸೆಯುತ್ತಿದ್ದಳು. ಅವ್ವನೂ ಅಷ್ಟೇ. ಪಕ್ಕದ ಮನೆಯವರೂ ಅಷ್ಟೇ. ಬೈಲಹೊಂಗಲದ ಯಾವ ಹೆಂಗಸೂ ನಾಯಿಗೆ ಬರಿಗೈಯಲ್ಲಿ ಬೈಯುವುದಿಲ್ಲ. ಹೀಗೆ ಓಣಿಯೆಲ್ಲ ಸೇರಿ ಅದಕ್ಕೆ ಕಲಿಸಿದ್ದೇನೆಂದರೆ, ಹಚ್ಯಾ ಎಂದರೆ ರೊಟ್ಟಿ. ಓಡಿಸಿದಷ್ಟೂ ಅದು ಬಾಲ ಆಡಿಸುತ್ತ ಬಂದು ಕೈ ನೋಡುತ್ತಿತ್ತು. ನಾನು ಅದಕ್ಕೆ ರಾಜಾ ಎಂದು ಹೆಸರಿಟ್ಟೆ, ಆಮೇಲೆ ಮೋತಿ ಎಂದು ಬದಲಿಸಿದೆ. ಎರಡಕ್ಕೂ ಅದು, ಯಾರೋ ನೆಂಟರ ಸುದ್ದಿ ಹೇಳುತ್ತಿದ್ದಾರೆ ಎನ್ನುವಂತೆ ಕೂತಿತ್ತು. ಹಚ್ಯಾ ಎಂದರೆ ಮಾತ್ರ ಎಲ್ಲಿದ್ದರೂ ಬಂತು. ಕೊನೆಗೆ ನಾವೇ ಸೋತು ಅದನ್ನೇ ಹೆಸರಾಗಿ ಕರೆದೆವು.

ನಮ್ಮ ಎದುರಿನ ದೊಡ್ಡ ಮನೆ ಹತ್ತಿಯ ಅಡತಿ ಅಂಗಡಿಯ ಸಾವಕಾರರದು. ಅವರ ಕಟ್ಟೆಯ ಮೇಲೆ ಸರಪಳಿ ಕಟ್ಟಿಸಿಕೊಂಡು ಟೈಗರ್ ಎಂಬ ನಾಯಿ ಇರುತ್ತಿತ್ತು. ರಾಮದುರ್ಗದ ಆಚೆಯಿಂದ ತರಿಸಿದ್ದು, ಸಣ್ಣ ನಡ, ಉದ್ದ ಮೂತಿ. ‘ಜಾತಿ ನಾಯಿ’ ಎಂದು ಸಾವಕಾರರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಎತ್ತಿನೊಡನೆ ಕನ್ನಡ ಆಡುತ್ತಿದ್ದರು, ವ್ಯಾಪಾರಿಗಳೊಡನೆ ಮರಾಠಿ ಆಡುತ್ತಿದ್ದರು, ಟೈಗರನೊಡನೆ ಮಾತ್ರ ಇಂಗ್ಲಿಷು. ‘ಕಮಾನ್’, ‘ಸಿಡ್ಡೌನ್’. ಅವರ ಇಂಗ್ಲಿಷು ಅಲ್ಲಿಗೇ ಮುಗಿಯುತ್ತಿತ್ತು, ಟೈಗರನದೂ ಅಷ್ಟೇ ಇತ್ತು, ಹೀಗಾಗಿ ಇಬ್ಬರಿಗೂ ಹೊಂದಿಕೆ ಚೆನ್ನಾಗಿತ್ತು.

ಆ ಮನೆಯ ಪಡಸಾಲೆಯ ಗೋಡೆ ನನ್ನ ಅಪ್ಪನ ಕೈಯದು. ಗೋಡೆಗೆ ಬಳಿದ ಗಿಲಾವು ಹಸಿ ಇರುವ ತನಕ ಅಪ್ಪ ಅದರೊಳಗೆ ಇದ್ದ, ಒಣಗಿದ ದಿನದಿಂದ ಹೊರಗೆ. ಕೆಲಸದ ಮಾತು ಇದ್ದರೆ ಕಟ್ಟೆಯ ಕೆಳಗೆ ನಿಂತು ಆಡುತ್ತಿದ್ದ. ಅವರೂ ಒಳಗೆ ಬಾ ಎನ್ನುತ್ತಿರಲಿಲ್ಲ, ಇವನೂ ಕೇಳುತ್ತಿರಲಿಲ್ಲ. ಓಣಿಯಲ್ಲಿ ಯಾರಿಗೂ ಅದು ಮಾತಾಡುವ ವಿಷಯವಾಗಿ ಕಾಣುತ್ತಿರಲಿಲ್ಲ.

ನಮ್ಮ ಹಚ್ಯಾನಿಗೆ ಈ ರಿವಾಜು ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅದು ಟೈಗರನೊಡನೆ ಆಡಲು ಕಟ್ಟೆ ಹತ್ತಿತು. ಸಾವಕಾರರು ಜಳಕ ಮಾಡಿ, ಮಡಿ ಉಟ್ಟು, ಹೂವು ಹರಿಯಲು ಹೊರಗೆ ಬಂದವರು ಅದನ್ನು ಕಂಡರು. ಗಂಟಲು ಕ್ಯಾಕರಿಸಿ ‘ಹಚ್ಯಾ’ ಎಂದರು. ಇಷ್ಟು ದೊಡ್ಡ ಮನುಷ್ಯರು ತನ್ನ ಹೆಸರು ಹಿಡಿದು ಕರೆದರೆಂದು ಅದು ಓಡಿಬಂದು ಎರಡೂ ಮುಂಗಾಲು ಅವರ ಮಡಿಯ ಮೇಲಿಟ್ಟು ಅಂಗೈ ಮೂಸಿತು. ಅವರು ಮತ್ತೆ ಜಳಕ ಮಾಡಿ ಬಂದು ಅಪ್ಪನಿಗೆ ಹೇಳಿ ಕಳಿಸಿದರು.

‘ಏ ಗೌಂಡಿ, ಅದು ಯಾವ ಜಾತಿ ನಾಯೋ?’ ಎಂದರು.

‘ನಾಯಿ ಜಾತೀದ್ರಿ’ ಎಂದ ಅಪ್ಪ, ಕಟ್ಟೆಯ ಕೆಳಗಿನಿಂದ.

ಸಾವಕಾರರಿಗೆ ಇದು ವಿನಯವೋ ಕುಚೋದ್ಯವೋ ತಿಳಿಯಲಿಲ್ಲ. ಅಪ್ಪನ ಮುಖ ನೋಡಿದರೆ ಅಪ್ಪನಿಗೂ ತಿಳಿದಂತಿರಲಿಲ್ಲ. ‘ಹಚ್ಯಾ ಅಂದ್ರ ಹೋಗೂದು ನಾಯಿ ಧರ್ಮ’ ಎಂದರು ಅವರು. ‘ಬರೋ ಅಮಾಸಿ ದಿನ ನಾನ ಬಂದ ನೋಡತೇನಿ. ಹೋಗೂದ ಕಲತಿದ್ರ ಇರಲಿ. ಇಲ್ಲಂದ್ರ ತಂದಲ್ಲೇ ಕಟಕೋಳದಾಗ ಬಿಟ್ಟ ಬಾ. ಅದೂ ಆಗೂದಿಲ್ಲಂದ್ರ ಯರಗಟ್ಟಿ ಗೋದಾಮಿಗೆ ಬ್ಯಾರೆ ಗೌಂಡಿ ನೋಡತೇನಿ.’

ಯರಗಟ್ಟಿಯಲ್ಲಿ ಅವರ ಹೊಸ ಗೋದಾಮಿನ ಬುನಾದಿ ಬಿದ್ದಿತ್ತು. ಆ ಕೆಲಸ ಸಿಕ್ಕರೆ ಮಳೆಗಾಲದ ತನಕ ಅಪ್ಪ ಕೆಲಸ ಹುಡುಕಿಕೊಂಡು ಊರೂರು ತಿರುಗಬೇಕಿರಲಿಲ್ಲ. ಅಪ್ಪ ಮನೆಗೆ ಬಂದು ಇಷ್ಟನ್ನು ಹೇಳಿ ಕೂತ. ನಾಯಿ ಅವನ ಎಡ ಚಪ್ಪಲಿಯ ಪಕ್ಕ ಕೂತು ಆಕಳಿಸಿತು. ನಾನು ಎದೆ ತಟ್ಟಿಕೊಂಡೆ. ಅಮಾವಾಸ್ಯೆಯೊಳಗೆ ಕಲಿಸಿ ತೋರಿಸುತ್ತೇನೆ ಎಂದೆ. ಮ್ಯಾಟ್ರಿಕ್ಕಿಗೂ ನಾನು ಹೀಗೆಯೇ ಎದೆ ತಟ್ಟಿಕೊಂಡಿದ್ದೆನೆಂದು ಅವ್ವ ನೆನಪು ಮಾಡಿದಳು.

ನನ್ನ ಉಪಾಯ ಸರಳವಾಗಿತ್ತು. ಆಯಿಯ ದನಿಯ ಹಚ್ಯಾ ಅದಕ್ಕೆ ರೊಟ್ಟಿ. ಅದನ್ನು ಬದಲಿಸುವುದು ಬ್ರಹ್ಮನಿಂದಲೂ ಆಗದು. ಆದರೆ ಸಾವಕಾರರ ದನಿಯ ಹಚ್ಯಾವನ್ನು ಅದು ಒಂದೇ ಸಲ ಕೇಳಿತ್ತು. ಅದು ಇನ್ನೂ ಹಸಿ ಗಿಲಾವು. ಆ ದನಿಗೆ ಮಾತ್ರ ಹೊರಗೆ ಓಡುವುದನ್ನು ಕಲಿಸಿದರಾಯಿತು. ಸಾವಕಾರರ ಹಚ್ಯಾ ನನಗೆ ನೀರು ಕುಡಿದಷ್ಟು ಸಲೀಸು: ಮೊದಲು ಎದೆಯಾಳದಿಂದ ಒಂದು ಕ್ಯಾಕರಿಕೆ, ಆಮೇಲೆ ‘ಹ’ಗೆ ಒತ್ತು, ‘ಚ್ಯಾ’ ಮೂಗಿನಿಂದ ಮೇಲಕ್ಕೆ. ಅಂಗಳದಾಚೆಯ ಬೇವಿನ ಗಿಡದ ಬುಡದಲ್ಲಿ ರೊಟ್ಟಿ ಇಟ್ಟು, ಒಳಗೆ ನಿಂತು ಕ್ಯಾಕರಿಸಿ ಕೂಗುತ್ತಿದ್ದೆ. ಮೊದಲು ಅದು ನನ್ನ ಕೈ ಮೂಸಿತು. ಕೈ ಖಾಲಿ. ಗಿಡದ ಕಡೆ ದಾರಿ ತೋರಿಸಿದೆ. ಕೆಲವು ದಿನಗಳಲ್ಲೇ, ನಾನು ಕ್ಯಾಕರಿಸಿದರೆ ಸಾಕು, ಹಚ್ಯಾ ಎನ್ನುವ ಮೊದಲೇ ಬಾಣದಂತೆ ಹೊಸ್ತಿಲು ದಾಟಿ ಹೋಗತೊಡಗಿತು. ಟೈ ಕಟ್ಟಿದವರು ಆಗ ನನ್ನನ್ನು ನೋಡಿದ್ದರೆ ಟೈ ಬಿಚ್ಚಿ ನನಗೆ ಕಟ್ಟುತ್ತಿದ್ದರು.

ಅಮಾವಾಸ್ಯೆಗೆ ಇನ್ನೇನು ವಾರವಿದೆ ಎನ್ನುವಾಗ ಒಂದು ಸಂಜೆ ನಾನು ಹೀಗೆ ಕೂಗುತ್ತಿದ್ದೆ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

‘ಸಾಕ ಮಾಡೋ ಆ ದನಿ’ ಎಂದಳು.

ನಾನು ಹುರುಪಿನಲ್ಲಿದ್ದೆ. ಅದೇ ದನಿಯಲ್ಲಿ, ‘ಯಾಕಬೇ ಮುದಕಿ, ದನಿ ಛಲೋ ಬರಲಿಲ್ಲೇನು?’ ಎಂದೆ. ಸಟ್ಟುಗ ಬರುತ್ತದೆಂದು ಬೆನ್ನು ಬಾಗಿಸಿಯೂ ನಿಂತೆ. ಬರಲಿಲ್ಲ.

‘ಛಲೋ ಬಂತು. ಅದಕ್ಕ ಬ್ಯಾಡಂದೆ’ ಎಂದಳು. ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಲೆಯ ಕಡೆಗೇ ನೋಡುತ್ತ ಹೇಳಿದಳು: ‘ಸಂಪಗಾಂವದಾಗ ನಾ ಸಣ್ಣಾಕಿ ಇದ್ದಾಗ, ಸುಗ್ಗಿ ದಿವಸ ನಮ್ಮವ್ವನ ಸೆರಗ ಹಿಡಕೊಂಡ ದೊಡ್ಡವರ ಅಂಗಳದಾಗ ಕಾಳಿಗೆ ನಿಂದರತಿದ್ನಿ. ಒಳಗಿಂದ ಹಿಂಗ ಕ್ಯಾಕರಿಸಿ ಹಚ್ಯಾ ಅಂತಿದ್ರು. ನಾಯಿ ಎಲ್ಲಿ ಬಂತು ಅಂತ ನಾ ಹೊಳ್ಳಿ ನೋಡತಿದ್ನಿ. ನಾಯಿ ಇರತಿದ್ದಿಲ್ಲ.’

ನಾಯಿ ಬೇವಿನ ಗಿಡದ ಕೆಳಗಿನ ರೊಟ್ಟಿ ಮುಗಿಸಿ ಬಂದು, ಶಭಾಷ್ ಎನ್ನಿಸಿಕೊಳ್ಳಲು ನನ್ನ ಮುಂದೆ ನಿಂತಿತ್ತು.

‘ಆ ದನಿಗೆ ಓಡೂದು ನಾವ ಕಲತದ್ದ ಸಾಕು’ ಎಂದಳು ಆಯಿ. ‘ಇದಕ್ಕ ಕಲಸಬ್ಯಾಡ.’

ಅಪ್ಪನ ಕೆಲಸ ಹೋಗುತ್ತದೆಂದು ನಾನು ಮೆಲ್ಲಗೆ ಹೇಳಿದೆ. ಅಪ್ಪ ಮೂಲೆಯಲ್ಲಿ ಕರಣಿಗೆ ಅಂಟಿದ ಸಿಮೆಂಟು ಕೆರೆಯುತ್ತಿದ್ದ. ಆಯಿ ಅವನ ಕಡೆ ನೋಡಿದಳು. ಅವನು ಕೆರೆಯುವುದನ್ನು ಬಿಡದೆ, ‘ಗೋಡಿ ಎಲ್ಲಾ ಊರಾಗೂ ಬೇಕಾಗತಾವು’ ಎಂದ. ಅಷ್ಟೇ.

ಮರುದಿನದಿಂದ ಪಾಠ ತಿರುವುಮುರುವಾಯಿತು. ಈಗ ಮಾಸ್ತರಳು ಆಯಿ, ನಾನು ಬರೀ ದನಿ. ಅಂಗಳದಲ್ಲಿ ನಿಂತು ಸಾವಕಾರರಂತೆ ಕೂಗೆಂದು ಹೇಳಿದಳು. ರೊಟ್ಟಿಯನ್ನು ಗಿಡದ ಕೆಳಗೆ ಇಡಬಾರದು, ಅಂದವನ ಕೈಯಲ್ಲೇ ಇರಬೇಕು. ರೊಟ್ಟಿಗೆ ಬೆಣ್ಣೆಯನ್ನೂ ಹಚ್ಚಿದಳು; ಮ್ಯಾಟ್ರಿಕ್ ಪರೀಕ್ಷೆಗೆ ಹೊರಟಾಗ ನನ್ನ ರೊಟ್ಟಿಗೆ ಹಚ್ಚದ ಬೆಣ್ಣೆ. ನಾನು ಕ್ಯಾಕರಿಸಿದೆ. ನಾಯಿ ಬೇವಿನ ಗಿಡಕ್ಕೆ ಓಡಿತು, ಅಲ್ಲಿ ಏನೂ ಇಲ್ಲದ್ದನ್ನು ಕಂಡಿತು, ಗಾಳಿ ಮೂಸಿತು, ತಿರುಗಿ ಬಂತು. ನಾಯಿ ಕಲಿತದ್ದನ್ನು ಬಿಡಿಸುವುದು ಬಹಳ ಕಷ್ಟ ಎಂದು ಆ ಪತ್ರಿಕೆಯಲ್ಲಿ ಬರೆದಿತ್ತು. ಅದನ್ನು ಬರೆದವರು ಆಯಿಯ ಬೆಣ್ಣೆ ತಿಂದವರಲ್ಲ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಗೌಂಡಿ ಕೆಲಸವಿಲ್ಲ. ಅಪ್ಪ ಬಾಗಿಲಲ್ಲಿ ಕೂತಿದ್ದ. ಓಣಿಯವರಿಗೆ ಸುದ್ದಿ ಹೇಗೆ ಮುಟ್ಟಿತೋ, ಎಲ್ಲರಿಗೂ ಅದೇ ಹೊತ್ತಿಗೆ ತಮ್ಮ ತಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುವ ಕೆಲಸ ಬಿತ್ತು. ಸಾವಕಾರರು ಬಂದು ನಮ್ಮ ಅಂಗಳದ ಅಂಚಿಗೆ ನಿಂತರು. ಹಚ್ಯಾ ಹೊಸ್ತಿಲ ಮೇಲೆ ಮಲಗಿತ್ತು. ಅವರು ಗಂಟಲು ಕ್ಯಾಕರಿಸಿದರು. ನನ್ನದಕ್ಕಿಂತ ಸ್ವಲ್ಪ ಕಡಿಮೆ ಎಂದು ನನಗನ್ನಿಸಿತು.

‘ಹಚ್ಯಾ.’

ಅದು ಎದ್ದು, ಮೈ ಝಾಡಿಸಿ, ನೆಟ್ಟಗೆ ಹೋಗಿ ಅವರ ಪಾದದ ಮೇಲೆ ಕೂತಿತು. ಅವರು ಕಾಲು ಎಳೆದುಕೊಂಡು ಮತ್ತೆ ಅಂದರು. ಅದು ಇನ್ನೂ ಹತ್ತಿರ ಸರಿದು ಅವರ ಎರಡೂ ಕೈ ಮೂಸಿತು. ಬಾಲ ಅವರ ಧೋತರಕ್ಕೆ ಬಡಿಯುತ್ತಿತ್ತು. ಮೂರನೆಯ ಸಲ ಅವರು ಕೂಗಿದ ರಭಸಕ್ಕೆ ಎದುರಿನ ಟೈಗರ್ ಎದ್ದು ನಿಂತಿತು, ಇಂಗ್ಲಿಷಿನಲ್ಲಿ ಯಾರೂ ಏನೂ ಹೇಳದ್ದರಿಂದ ಮತ್ತೆ ಕೂತಿತು.

‘ಅದರ ಹೆಸರ ಹಚ್ಯಾ ಐತ್ರಿ’ ಎಂದಳು ಆಯಿ ಒಳಗಿನಿಂದ ಬಂದು. ‘ಹೆಸರ ಹಿಡದ ಕರದ್ರ ಬರೂದ ಬಿಟ್ಟ ಏನ ಮಾಡೀತ್ರಿ?’

‘ಇದೆಂಥಾ ಹೆಸರ? ಯಾರ ಇಟ್ರು?’

‘ಎಲ್ಲಾರೂ ಕೂಡಿ ಇಟ್ಟದ್ರಿ. ನೀವೂ ಇಟ್ಟೀರಿ.’

ಕಟ್ಟೆಗಳ ಮೇಲೆ ಅಕ್ಕಿ ಆರಿಸುವ ಸದ್ದು ನಿಂತಿತು. ‘ಹಂಗಾರ ಹೋಗಂತ ಹೇಳಬೇಕಂದ್ರ ಏನ ಅನ್ನಬೇಕಬೇ?’ ಎಂದರು ಸಾವಕಾರರು. ನಿಜಕ್ಕೂ ತಿಳಿಯದೆ ಕೇಳಿದಂತಿತ್ತು.

‘ಹೋಗೂದು ನಮ್ಮ ಮನ್ಯಾಗ ಯಾರಿಗೂ ಕಲಸಿಲ್ರಿ’ ಎಂದಳು ಆಯಿ.

ಸಾವಕಾರರು ಹೊರಳಿ ತಮ್ಮ ಮನೆಯ ಕಡೆ ನಡೆದರು. ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಿಂದೆ ನಾಯಿ ಬರುತ್ತಿದ್ದರೆ ಮನುಷ್ಯನ ಬಾಯಿಗೆ ಬರುವ ಮಾತು ಒಂದೇ. ಓಣಿಯ ನಡುವೆ ಹಚ್ಯಾ ಎಂದರು. ಅದು ಓಡಿ ಅವರನ್ನು ಕೂಡಿಕೊಂಡಿತು. ಕಟ್ಟೆ ಹತ್ತಿ ಹಚ್ಯಾ ಎಂದರು. ಅದೂ ಹತ್ತಿತು. ಒಳಗೆ ಹೊಕ್ಕು ಬಾಗಿಲು ಮುಚ್ಚುವ ಗಡಿಬಿಡಿಯಲ್ಲಿ ಇನ್ನೊಂದು ಸಲ ಅಂದರು. ಅದು ಅವರ ಕಾಲ ಸಂದಿಯಿಂದ ಪಡಸಾಲೆಗೆ ನುಗ್ಗಿತು. ಆಮೇಲೆ ನಮಗೆ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಒಂದೊಂದು ಹಚ್ಯಾವೂ ಮೊದಲಿನದಕ್ಕಿಂತ ಇನ್ನಷ್ಟು ಒಳಗಿನಿಂದ ಬರುತ್ತಿತ್ತು. ಪಡಸಾಲೆ, ನಡುಮನೆ, ಅಡುಗೆಮನೆಯ ಪಾತ್ರೆಯ ಸದ್ದು.

ಆಯಿ ಸೆರಗು ಕೊಡವಿದಳು. ‘ಕರದಾರ, ಹೋಗೈತಿ’ ಎಂದಳು.

ಸ್ವಲ್ಪ ಹೊತ್ತಿಗೆ ಸಾವಕಾರರು ಬಾಗಿಲಲ್ಲಿ ನಿಂತು, ಬಂದು ನಾಯಿ ಹಿಡಿದುಕೊಂಡು ಹೋಗೆಂದು ಗೌಂಡಿಯನ್ನು ಕೂಗಿದರು. ಅಪ್ಪ ಎದ್ದು ಹೋಗಿ, ಯಾವಾಗಲೂ ನಿಲ್ಲುವಲ್ಲಿ, ಕಟ್ಟೆಯ ಕೆಳಗೆ ನಿಂತ.

‘ಒಳಗ ಬರಬೇಕೇನ್ರಿ?’ ಎಂದು ಕೇಳಿದ.

ನಾನು ಎಷ್ಟೋ ಜನರ ದನಿ ತೆಗೆದಿದ್ದೇನೆ. ಅಪ್ಪ ಆ ಮಾತು ಕೇಳಿದ ದನಿ ಇವತ್ತಿಗೂ ನನಗೆ ಬರುವುದಿಲ್ಲ. ಅದರಲ್ಲಿ ಕುಹಕವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಓಳಂಬದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಾಗೆ ಕೇಳಿದ್ದ. ಸಾವಕಾರರು ಓಣಿಯ ಆ ತುದಿಯಿಂದ ಈ ತುದಿಯ ತನಕ ಕಣ್ಣಾಡಿಸಿದರು. ಒಳಗೆ ಇನ್ನೊಂದು ಪಾತ್ರೆ ಬಿತ್ತು.

‘ಬಾ’ ಎಂದರು.

ಅಪ್ಪ ಚಪ್ಪಲಿ ಬಿಟ್ಟು, ಬಲಗಾಲಿನದು ಇಡಿಯದು, ಎಡಗಾಲಿನದು ಅರ್ಧ, ಕಟ್ಟೆ ಹತ್ತಿ ಒಳಗೆ ಹೋದ. ನಾಯಿ ಹಿಡಿಯಲು ಬೇಕಾಗುವುದಕ್ಕಿಂತ ಹೆಚ್ಚು ಹೊತ್ತೇ ಒಳಗಿದ್ದ. ನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಅದರ ಮೂತಿಗೆ ಹೋಳಿಗೆಯ ಹೂರಣ ಮೆತ್ತಿತ್ತು. ಆಮೇಲೆ ಸಾವಕಾರರು ನಾಯಿಯ ಮಾತು ಎತ್ತಲಿಲ್ಲ. ಬೇರೆ ಗೌಂಡಿಯೂ ಬರಲಿಲ್ಲ. ಯರಗಟ್ಟಿಯ ಆ ಚಹಾದ ಅಂಗಡಿಯಲ್ಲಿ ಕೂತರೆ ಎದುರಿಗೆ ಕಾಣುವ ಗೋದಾಮು ಅಪ್ಪನ ಕೈಯದೇ.

ಅಂದು ಮಾತ್ರ ನಾವೆಲ್ಲ ಅಪ್ಪನ ಬಾಯನ್ನೇ ನೋಡುತ್ತ ನಿಂತಿದ್ದೆವು. ಅವನು ನಾಯಿಯನ್ನು ಆಯಿಯ ಮುಂದೆ ಇಳಿಸಿ, ಚಪ್ಪಲಿ ಮೂಲೆಗೆ ಬಿಟ್ಟು, ಹೇಳಿದ:

‘ಗಿಲಾವು ಎಲ್ಲೂ ಬಿರಕ ಬಿಟ್ಟಿಲ್ಲ.’